ಅಂಗೈಯೊಳಗಿನ ರಣರಂಗ

ಬೇಲೂರಿನ ಬಸ್ ನಿಲ್ದಾಣದಲ್ಲಿ, ಹಳೇಬೀಡಿನ ಕೆರೆ ಏರಿಯ ಮೇಲೆ, ಅರಸೀಕೆರೆ ಜಂಕ್ಷನ್ನಿನ ಬೆಂಚುಗಳಲ್ಲಿ, ಸಂಜೆಯ ಹೊತ್ತು ನಾಲ್ಕು ಮಂದಿ ಹುಡುಗರು ಒತ್ತಾಗಿ ಕುಳಿತು, ಒಬ್ಬರ ಮುಖವನ್ನೊಬ್ಬರು ನೋಡದೆ, “ಎಡಕ್ಕೆ ಬಾರೋ”, “ಮನೆ ಹಿಂದೆ ಇಬ್ರು ಅವ್ರೆ”, “ಬಿದ್ದಿದೀನಿ, ಎತ್ತೋ” ಎಂದು ಕೂಗುವುದನ್ನು ನಮ್ಮ ಓದುಗರಲ್ಲಿ ಕಾಣದವರಿಲ್ಲ. ಅವರ ಕೈಯಲ್ಲಿರುವುದು ಫೋನು, ಫೋನಿನೊಳಗಿರುವುದು ಯುದ್ಧ.

ಇದನ್ನು ಕಂಡ ಹಿರಿಯರು “ಸರ್ಕಾರ ಇದನ್ನು ನಿಲ್ಲಿಸಬಾರದೆ?” ಎಂದು ಗೊಣಗುತ್ತಾರೆ. ಹುಡುಗರು “ನಿಮಗೆ ಇದೆಲ್ಲ ಗೊತ್ತಾಗಲ್ಲ” ಎಂದು ಮತ್ತೆ ತಲೆ ಬಗ್ಗಿಸುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ. ಗಿರಣಿಯ ಪಾಳಿ ಮುಗಿಸಿ ಬರುವ ತಂದೆಗೂ, ಅಂಗಡಿಯ ಬಾಗಿಲು ಹಾಕಿ ಬರುವ ತಂದೆಗೂ, ಮಗನ ಕೈಯಲ್ಲಿರುವ ಈ ಆಟದ ಗುಣವೇನು, ದೋಷವೇನು ಎಂದು ತಿಳಿದಿರಬೇಕಾದುದು ಅವಶ್ಯ. ಏಕೆಂದರೆ ಅದಕ್ಕೆ ತೆರುವ ಹಣ ಅವರ ಜೇಬಿನದು. ಅದು ತಿದ್ದುವ ಮನಸ್ಸು ಅವರ ಮಗನದು. ನಿಜವಾದ ಯುದ್ಧ ಬಂದಾಗ ಗಡಿಗೆ ಹೊರಡುವವರೂ ಬಹುಮಟ್ಟಿಗೆ ಅವರ ಮನೆಗಳವರೇ.

ಆಟದ ಹೆಸರು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ. ಹುಡುಗರ ಬಾಯಲ್ಲಿ ಬಿ.ಜಿ.ಎಂ.ಐ. ಹಿಂದೆ ಪಬ್‌ಜಿ ಎಂದು ಪ್ರಸಿದ್ಧವಾಗಿದ್ದುದೇ ಇದು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರವು, ಚೀನಾದೊಡನೆ ಗಡಿಯಲ್ಲಿ ಬಿಗುವು ಇದ್ದ ಕಾಲದಲ್ಲಿ, ಪಬ್‌ಜಿಯೂ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿಯು 2021ರ ಜುಲೈನಲ್ಲಿ ಅದನ್ನೇ ಹೊಸ ಹೆಸರಿನಲ್ಲಿ ತಂದಿತು. 2022ರ ಜುಲೈ ಕೊನೆಯಲ್ಲಿ ಅದೂ ಮಾಯವಾಯಿತು. 2023ರ ಮೇ ಕೊನೆಯಲ್ಲಿ ಮರಳಿ ಬಂದಿತು. ಮಾಯವಾಗುವ ವೇಳೆಗೆ ಹತ್ತು ಕೋಟಿ ಮಂದಿ ಹೆಸರು ನೋಂದಾಯಿಸಿದ್ದರೆಂದು ಕಂಪನಿಯೇ ಸಾರಿತ್ತು. ಎರಡು ಸಲ ಬಾಗಿಲು ಮುಚ್ಚಿದರೂ ಹೋಗದ ವಸ್ತುವನ್ನು ಬೈಗುಳದಿಂದ ಓಡಿಸಲಾಗದು. ಅದನ್ನು ತೂಗಿ ನೋಡುವುದೇ ಸರಿ.

ಆಟದ ಕ್ರಮ ಹೀಗಿದೆ. ನೂರು ಮಂದಿ ಒಂದು ವಿಮಾನದಲ್ಲಿರುತ್ತಾರೆ. ಕೆಳಗೆ ಒಂದು ದ್ವೀಪ. ಹೆಚ್ಚು ಜನ ಆಡುವ ದ್ವೀಪವು ಉದ್ದಗಲ ಎಂಟೆಂಟು ಕಿಲೋಮೀಟರು. ಬೇಕಾದ ಕಡೆ ಪ್ಯಾರಾಚೂಟಿನಲ್ಲಿ ಇಳಿಯಬೇಕು. ಇಳಿಯುವಾಗ ಎಲ್ಲರದೂ ಬರಿಗೈ. ಮನೆಮನೆ ಹೊಕ್ಕು ಬಂದೂಕು, ಗುಂಡು, ಔಷಧಿ ಹುಡುಕಬೇಕು. ಅಷ್ಟರಲ್ಲಿ ನೆಲದ ಮೇಲೊಂದು ವೃತ್ತ ಕಿರಿದಾಗುತ್ತ ಬರುತ್ತದೆ; ಹೊರಗುಳಿದವನು ಸಾಯುತ್ತಾನೆ. ಅರ್ಧ ಗಂಟೆಯೊಳಗೆ ಎಲ್ಲರೂ ಒಂದು ಹಿಡಿ ಜಾಗಕ್ಕೆ ಬಂದು ನಿಲ್ಲುತ್ತಾರೆ. ಕೊನೆಗೆ ಉಳಿದವನು ಅಥವಾ ಉಳಿದ ತಂಡ ಗೆದ್ದಂತೆ.

ಮೊದಲು ಗುಣವನ್ನು ಹೇಳೋಣ. ಇದು ಬರಿಯ ಗುಂಡು ಹಾರಿಸುವ ಆಟವಲ್ಲ, ಯೋಚಿಸುವ ಆಟ. ಹೆಜ್ಜೆಯ ಸದ್ದು ಯಾವ ಕಡೆಯಿಂದ ಬಂತು, ದಿಬ್ಬದ ಮರೆ ಎಲ್ಲಿದೆ, ಇನ್ನೆಷ್ಟು ಗುಂಡು ಉಳಿದಿದೆ, ವೃತ್ತ ಎತ್ತ ಸರಿಯಬಹುದು, ಈಗ ಓಡುವುದೋ ಕಾಯುವುದೋ ಎಂಬ ಲೆಕ್ಕ ಹಾಕದವನು ಹತ್ತು ನಿಮಿಷವೂ ಬಾಳುವುದಿಲ್ಲ. ದೂರದ ಗುರಿಗೆ ಗುಂಡು ಬಾಗಿ ಇಳಿಯುವುದನ್ನೂ, ಓಡುವವನಿಗೆ ಎಷ್ಟು ಮುಂದೆ ಗುರಿಯಿಡಬೇಕೆಂಬುದನ್ನೂ ಅನುಭವದಿಂದಲೇ ಕಲಿಯಬೇಕು. ನಕ್ಷೆ ಓದುವುದನ್ನು ಶಾಲೆಯಲ್ಲಿ ಕಲಿಯದ ಹುಡುಗ ಇಲ್ಲಿ ದಿಕ್ಕು ಹೇಳುವುದರಲ್ಲಿ ಪಳಗುತ್ತಾನೆ.

ಎರಡನೆಯ ಗುಣ ಇನ್ನೂ ದೊಡ್ಡದು. ನಾಲ್ವರ ತಂಡದಲ್ಲಿ ಒಬ್ಬನಿಗೆ ಗುಂಡು ತಗುಲಿ ಬಿದ್ದರೆ ಅವನು ಕೂಡಲೇ ಸಾಯುವುದಿಲ್ಲ, ತೆವಳುತ್ತಾನೆ. ಜೊತೆಗಾರನು ತನ್ನ ಪ್ರಾಣವನ್ನು ಒಡ್ಡಿ, ಬಳಿ ಕುಳಿತು, ಕೆಲವು ಕ್ಷಣ ಬಂದೂಕು ಕೆಳಗಿಟ್ಟು ಅವನನ್ನು ಎತ್ತಬೇಕು. ಇದ್ದ ಔಷಧಿಯನ್ನು ಹಂಚಿಕೊಳ್ಳಬೇಕು. ಒಬ್ಬನೇ ಶೂರನೆಂದು ಮುನ್ನುಗ್ಗಿದವನು ಸೋಲುತ್ತಾನೆ. ಕೂಡಿ ನಡೆದ ಸಾಧಾರಣರು ಗೆಲ್ಲುತ್ತಾರೆ. ಸಂಘ ಕಟ್ಟಿದ ಕಾರ್ಮಿಕರಿಗೆ ಈ ಪಾಠದ ಬೆಲೆಯನ್ನು ನಾವು ಹೇಳಬೇಕಾಗಿಲ್ಲ.

ಮೂರನೆಯದಾಗಿ, ಹಣ ಕೊಟ್ಟು ಕೊಂಡ ಬಣ್ಣದ ಉಡುಪಿನಿಂದ ಗುಂಡಿಗೆ ಹೆಚ್ಚಿನ ಬಲ ಬರುವುದಿಲ್ಲ. ಸಾಹುಕಾರನ ಮಗನೂ ಹಮಾಲಿಯ ಮಗನೂ ಬರಿಗೈಯಲ್ಲೇ ಇಳಿಯುತ್ತಾರೆ. ಆಟದ ನಿಯಮದಲ್ಲಿ ಇರುವ ಈ ಸಮಾನತೆಯು ಹುಡುಗರನ್ನು ಸೆಳೆದಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ನಿಯಮದಲ್ಲಿ ಮಾತ್ರ. ಬೆಲೆಬಾಳುವ ಫೋನಿನಲ್ಲಿ ಚಿತ್ರ ನೀರಿನಂತೆ ಹರಿಯುತ್ತದೆ. ಅಗ್ಗದ ಫೋನಿನಲ್ಲಿ ತಡವರಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸೋಲು ಗೆಲುವು ನಿರ್ಧಾರವಾಗುವ ಕಡೆ ಈ ತಡವರಿಕೆಯೇ ಸಾವು.

ಇನ್ನು ದೋಷ. ಆಟದ ದ್ವೀಪದಲ್ಲಿ ಊರುಗಳಿವೆ. ಮನೆಗಳಿವೆ, ಶಾಲೆಯಿದೆ, ಆಸ್ಪತ್ರೆಯಿದೆ, ಸೇನೆಯ ನೆಲೆಯಿದೆ. ಇಲ್ಲದಿರುವುದು ಒಂದೇ: ಊರಿನ ಜನ. ಅಡುಗೆ ಮನೆಯಲ್ಲಿ ಹೆಂಗಸಿಲ್ಲ, ಶಾಲೆಯಲ್ಲಿ ಮಗುವಿಲ್ಲ, ಆಸ್ಪತ್ರೆಯಲ್ಲಿ ರೋಗಿಯಿಲ್ಲ. ಅವರೆಲ್ಲ ಎಲ್ಲಿ ಹೋದರು? ಯಾರು ಅಟ್ಟಿದರು? ಆಟವು ಹೇಳುವುದಿಲ್ಲ, ಆಡುವವನು ಕೇಳುವುದೂ ಇಲ್ಲ. ಮನೆಯೆಂದರೆ ಬಂದೂಕು ಸಿಗುವ ಜಾಗ, ಕಿಟಕಿಯೆಂದರೆ ಗುರಿಯಿಡುವ ಕಂಡಿ ಎಂಬ ಭಾವನೆ ದಿನಕ್ಕೆ ಹತ್ತು ಸಲ ಮನಸ್ಸಿಗೆ ಬೀಳುತ್ತದೆ. ನಿಜವಾದ ಯುದ್ಧದಲ್ಲಿ ಮೊದಲು ಕಂಗಾಲಾಗುವವರು ಊರಿನವರೇ ಎಂಬುದನ್ನು ಗಾಜಾದಿಂದ, ಯುಕ್ರೇನಿನಿಂದ ಬಂದ ಚಿತ್ರಗಳನ್ನು ಕಂಡವರು ಬಲ್ಲರು.

ಸಾವಿಗೆ ಇಲ್ಲಿ ಬಣ್ಣವೂ ಇಲ್ಲ, ಹೆಸರೂ ಇಲ್ಲ. 2021ರಲ್ಲಿ ಆಟವನ್ನು ಭಾರತಕ್ಕೆಂದು ತಿದ್ದಿದಾಗ ಕಂಪನಿಯವರು ನೆತ್ತರಿನ ಕೆಂಪನ್ನು ತೆಗೆದು ಹಸಿರು ಮಾಡಿದರು. ‘ಕೊಂದನು’ ಎಂಬ ಮಾತನ್ನು ತೆಗೆದು ‘ಮುಗಿಸಿದನು’ ಎಂಬರ್ಥದ ಮಾತನ್ನು ಹಾಕಿದರು. ಮಕ್ಕಳ ಹಿತಕ್ಕಾಗಿ ಎಂದರು. ಕೊಲ್ಲುವುದನ್ನು ಹಾಗೆಯೇ ಉಳಿಸಿ ಕೊಲೆಯ ಗುರುತನ್ನು ಮಾತ್ರ ಅಳಿಸಿದರೆ ಮಕ್ಕಳಿಗೆ ಆಗುವ ಹಿತವೇನು?

ನಮ್ಮ ಊರಿನಲ್ಲಿ ಯುದ್ಧದ ಚಿತ್ರಗಳಿಗೆ ಕೊರತೆಯಿಲ್ಲ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ಗೋಡೆಗಳ ಮೇಲೆ ಕುದುರೆ ಸವಾರರ ಸಾಲುಗಳಿವೆ. ಹಳೇಬೀಡಿನ ಗೋಡೆಯಲ್ಲಿ ಅಭಿಮನ್ಯು ಚಕ್ರವ್ಯೂಹದ ಸುಳಿಯೊಳಗೆ ನಿಂತಿದ್ದಾನೆ. ಅದೇ ಹಳೇಬೀಡಿನ ಗರುಡಗಂಬವು, ಎರಡನೆಯ ಬಲ್ಲಾಳನು ಸತ್ತಾಗ ತನ್ನವರೊಡನೆ ಪ್ರಾಣ ಕೊಟ್ಟ ಕುವರ ಲಕ್ಷ್ಮನ ಕತೆಯನ್ನು ಹೇಳುತ್ತದೆ. ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವ ಆಳುಗಳು ಅದರ ಮೇಲಿದ್ದಾರೆ. ಒಡೆಯನಿಗಾಗಿ ಆಳು ಸಾಯುವುದನ್ನು ಹೊಗಳಿದ ಕಾಲವದು. ಅದನ್ನು ನಾವು ಮರಳಿ ಬಯಸುವವರಲ್ಲ. ಆದರೆ ಆ ಕಾಲದ ಕಲ್ಲುಗಳಲ್ಲಿ, ಈ ಕಾಲದ ಆಟದಲ್ಲಿ ಇಲ್ಲದ ಒಂದು ನ್ಯಾಯವಿದೆ.

ನಮ್ಮ ಸೀಮೆಯ ಹಳ್ಳಿಗಳಲ್ಲಿ ಕೆರೆಯ ಬಳಿ, ಗುಡಿಯ ಮುಂದೆ ನಿಂತಿರುವ ವೀರಗಲ್ಲುಗಳನ್ನು ನೋಡಿರಿ. ಕೆಳಗೆ ಹೋರಾಟ, ನಡುವೆ ಸತ್ತವನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದ ವೀರ. ಅನೇಕ ಕಲ್ಲುಗಳಲ್ಲಿ ಸತ್ತವನ ಹೆಸರಿದೆ. ಯಾವ ತುರುವನ್ನು ಬಿಡಿಸಲು, ಯಾವ ಊರನ್ನು ಕಾಯಲು ಸತ್ತನೆಂಬುದಿದೆ. ಕೆಲವದರಲ್ಲಿ ಇನ್ನೊಂದು ಮಾತೂ ಇದೆ: ಸತ್ತವನ ಮನೆಯವರಿಗೆ ಇಂಥ ನೆಲವನ್ನು ಬಿಡಲಾಯಿತು ಎಂದು. ಆ ದತ್ತಿಗೆ ನಮ್ಮ ಶಾಸನಗಳು ಇಟ್ಟ ಹೆಸರು ನೆತ್ತರುಗೊಡಗೆ. ಒಬ್ಬನ ನೆತ್ತರು ಬಿದ್ದಿತೆಂದರೆ ಅವನ ಹಿಂದೆ ಉಳಿದವರ ಅನ್ನದ ಹೊಣೆ ಊರಿನದೂ ಒಡೆಯನದೂ ಎಂಬ ಅರ್ಥ ಅದರಲ್ಲಿದೆ. ನೆತ್ತರನ್ನೇ ಹಸಿರು ಮಾಡಿದ ಮೇಲೆ ನೆತ್ತರುಗೊಡಗೆ ಎಲ್ಲಿಂದ ಬರಬೇಕು?

ಈ ಮಾತು ಹಳೆಯದೆಂದು ತಳ್ಳಬೇಡಿರಿ. 2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಅವರಲ್ಲಿ ನಮ್ಮ ಹಾಸನ ತಾಲ್ಲೂಕಿನ ತೇಜೂರಿನ ಸುಬೇದಾರ್ ನಾಗೇಶರಿದ್ದರು. ಹೆಗ್ಗಡದೇವನಕೋಟೆ ಕಡೆಯ ಮಹೇಶರಿದ್ದರು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದರಿದ್ದರು. ಹನುಮಂತಪ್ಪನವರನ್ನು ಆರನೆಯ ದಿನ ಜೀವಂತವಾಗಿ ಹೊರತೆಗೆದರೂ ಫೆಬ್ರವರಿ 11ರಂದು ದೆಹಲಿಯಲ್ಲಿ ಅವರು ತೀರಿಕೊಂಡರು. ಇವರಲ್ಲಿ ಯಾರನ್ನೂ ಶತ್ರುವಿನ ಗುಂಡು ಕೊಲ್ಲಲಿಲ್ಲ. ಸಿಪಾಯಿಯ ಬಾಳಿನಲ್ಲಿ ಗುಂಡು ಹಾರುವ ಕ್ಷಣಗಳು ಕೆಲವೇ. ಚಳಿ, ಕಾವಲು, ಕಾಯುವಿಕೆ, ಊರಿನ ನೆನಪು ಇವೇ ಹೆಚ್ಚು. ಆಟವು ಆ ಕೆಲವು ಕ್ಷಣಗಳನ್ನು ಮಾತ್ರ ಕತ್ತರಿಸಿಕೊಂಡು ಇದೇ ಸೈನಿಕನ ಬಾಳು ಎಂದು ಮಾರುತ್ತದೆ.

ಮಾರುವುದು ಎಂದೆವು. ಇದು ಪುಕ್ಕಟೆ ಆಟವೆಂದು ಹುಡುಗರು ಹೇಳುತ್ತಾರೆ. ಇಳಿಸಿಕೊಳ್ಳುವುದು ಪುಕ್ಕಟೆ ಹೌದು. ಒಳಗೆ ಹೋದರೆ ಅದೊಂದು ಪೇಟೆ. ರೂಪಾಯಿ ಕೊಟ್ಟು ‘ಯು.ಸಿ.’ ಎಂಬ ಆಟದ ನಾಣ್ಯ ಕೊಳ್ಳಬೇಕು. ಆ ನಾಣ್ಯ ಕೊಟ್ಟು ಪೆಟ್ಟಿಗೆ ತೆರೆಯಬೇಕು. ಪೆಟ್ಟಿಗೆಯಲ್ಲಿ ಬಯಸಿದ ಉಡುಪು, ಬಂದೂಕಿನ ಬಣ್ಣ ಬಂದರೆ ಬಂತು, ಇಲ್ಲದಿದ್ದರೆ ಇನ್ನೊಂದು ಪೆಟ್ಟಿಗೆ. ಜಾತ್ರೆಯಲ್ಲಿ ಬಳೆ ಎಸೆಯುವ ಆಟದ ಮುಂದೆ ನಿಂತು ಜೇಬು ಬರಿದು ಮಾಡಿಕೊಂಡವರಿಗೆ ಇದರ ಮರ್ಮ ತಿಳಿಯುತ್ತದೆ. ವ್ಯತ್ಯಾಸವೆಂದರೆ ಜಾತ್ರೆ ಮೂರು ದಿನಕ್ಕೆ ಎದ್ದು ಹೋಗುತ್ತದೆ. ಈ ಪೇಟೆ ಹಾಸಿಗೆಯೊಳಗೂ ತೆರೆದಿರುತ್ತದೆ. ರೂಪಾಯಿಯನ್ನು ಬೇರೆ ಹೆಸರಿನ ನಾಣ್ಯವಾಗಿ ಮಾರ್ಪಡಿಸುವುದೂ ಹಳೆಯ ಉಪಾಯವೇ: ಎಷ್ಟು ಹೋಯಿತೆಂಬ ಲೆಕ್ಕ ಕೈತಪ್ಪುತ್ತದೆ.

2021ರಲ್ಲಿ ಆಟ ಹೊರಬಂದಾಗ, ಹದಿನೆಂಟು ತುಂಬದವರು ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಆಡಕೂಡದು, ದಿನಕ್ಕೆ 7,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಕೂಡದು ಎಂದು ಕಂಪನಿಯು ಮಿತಿ ವಿಧಿಸಿತು. ಇದನ್ನು ಮಕ್ಕಳ ರಕ್ಷಣೆಯೆಂದು ಕರೆದರು! ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನು, ಗಾರ್ಮೆಂಟ್ಸಿನಲ್ಲಿ ಹೊಲಿಗೆ ಹಾಕುವ ಹೆಣ್ಣುಮಗಳು, 7,000 ರೂಪಾಯಿ ಕೈಗೆ ಬರಲು ಎಷ್ಟು ದಿನ ದುಡಿಯಬೇಕೆಂಬುದನ್ನು ಓದುಗರೇ ಲೆಕ್ಕ ಹಾಕಲಿ. ಯಾರ ಮನೆಯ ಮಗುವನ್ನು ಮನಸ್ಸಿನಲ್ಲಿಟ್ಟು ಈ ಮಿತಿಯನ್ನು ಬರೆದರು?

ಆಡುತ್ತ ಆಡುತ್ತ ದೊಡ್ಡ ಬಹುಮಾನ ಗೆಲ್ಲಬಹುದಲ್ಲ ಎಂಬ ಆಸೆಯೂ ಹಬ್ಬಿದೆ. 2021ರ ಅಖಿಲ ಭಾರತ ಪಂದ್ಯಾವಳಿಯ ಬಹುಮಾನದ ಮೊತ್ತ ಒಂದು ಕೋಟಿ ರೂಪಾಯಿ. ಇಂಥ ಪಂದ್ಯಗಳನ್ನು 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕ್ರೀಡಾ ಇಲಾಖೆಯ ಕಕ್ಷೆಗೂ ಸೇರಿಸಿತು. ಕೌಶಲಕ್ಕೆ ಮನ್ನಣೆ ದೊರೆಯುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಅಂತಿಮ ಸುತ್ತಿಗೆ ಬರುವುದು ಹದಿನಾರು ತಂಡ. ತಂಡಕ್ಕೆ ನಾಲ್ವರಂತೆ ಅರವತ್ತನಾಲ್ಕು ಮಂದಿ. ಹೆಸರು ನೋಂದಾಯಿಸಿದವರು ಹತ್ತು ಕೋಟಿ. ಈ ಲೆಕ್ಕವನ್ನು ಮುಂದಿಟ್ಟುಕೊಂಡು ಶಾಲೆ ಬಿಡುವ ಯೋಚನೆ ಮಾಡಬೇಕು.

ನಮ್ಮ ರಾಜ್ಯದಲ್ಲಿಯೇ ಇಂಥ ಆಟ ಮಾಡುವ ಪ್ರಯತ್ನ ನಡೆದಿದೆ. ಪಬ್‌ಜಿ ನಿಷೇಧವಾದ ಎರಡೇ ದಿನಕ್ಕೆ ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆಯು ‘ಫೌಜಿ’ ಎಂಬ ಆಟವನ್ನು ಘೋಷಿಸಿ, 2021ರ ಗಣರಾಜ್ಯ ದಿನದಂದು ಹೊರತಂದಿತು. ಕತೆ ನಡೆಯುವುದು ಗಲ್ವಾನ್ ಕಣಿವೆಯಲ್ಲಿ. 2020ರ ಜೂನ್ 15ರಂದು ನಮ್ಮ 20 ಯೋಧರು ಪ್ರಾಣ ಕೊಟ್ಟ ನೆಲದಲ್ಲಿ. ಅಲ್ಲಿ ಬಂದೂಕು ಹಾರದೆ ಕೈಕೈ ಮಿಲಾಯಿಸಿದಂತೆಯೇ ಆಟದಲ್ಲೂ ಮೊದಲು ಬಂದೂಕಿರಲಿಲ್ಲ. ನಿವ್ವಳ ಆದಾಯದ ಶೇಕಡ 20ನ್ನು ಹುತಾತ್ಮರ ಕುಟುಂಬಗಳಿಗೆ ನೆರವಾಗುವ ‘ಭಾರತ್ ಕೆ ವೀರ್’ ನಿಧಿಗೆ ಕೊಡುವೆವೆಂದು ಅವರು ಮಾತು ಕೊಟ್ಟರು. ನೆತ್ತರುಗೊಡಗೆಯ ನೆನಪನ್ನು ತರುವ ಮಾತು ಅದು; ಮೆಚ್ಚಬೇಕಾದುದೇ. ಆಟವಾಗಿ ಮಾತ್ರ ಅದು ಸೊರಗಿತು. ಬರುವ ಶತ್ರುಗಳನ್ನು ಒಬ್ಬೊಬ್ಬರಾಗಿ ಗುದ್ದುತ್ತ ನಡೆಯುವುದಷ್ಟೇ. ಜೊತೆಗಾರರಿಲ್ಲ, ಉಪಾಯಕ್ಕೆ ಎಡೆಯಿಲ್ಲ. ದೇಶಭಕ್ತಿಯ ಹೆಸರು ಕೇಳಿ ಇಳಿಸಿಕೊಂಡವರು ಬೇಸತ್ತು ಬಿಟ್ಟರು. 2025ರ ಜನವರಿ 30ರಂದು ಅದರ ಹೊಸ ಆವೃತ್ತಿ ‘ಡಾಮಿನೇಷನ್’ ಬಂದಿತು: ಐವರ ವಿರುದ್ಧ ಐವರು, ಕೈಯಲ್ಲಿ ಬಂದೂಕು. ಈಗ ಅದೂ ಉಳಿದ ಆಟಗಳ ಸಾಲಿಗೆ ಸೇರಿತು.

ಯುದ್ಧದಾಟದಲ್ಲಿ ಯುದ್ಧದ ಪೂರ್ಣ ಲೆಕ್ಕವನ್ನು ತೋರಿಸಲು ಸಾಧ್ಯವೇ ಇಲ್ಲವೆ? ಇದೆ. ಜೆಕ್ ದೇಶದ ಬೊಹೀಮಿಯಾ ಇಂಟರಾಕ್ಟಿವ್ ಎಂಬ ಸಂಸ್ಥೆಯ ‘ಆರ್ಮಾ 3’ ಎಂಬ ಕಂಪ್ಯೂಟರ್ ಆಟ, ಸೇನೆಯ ತಂತ್ರವನ್ನು ನಿಜಕ್ಕೆ ತೀರ ಹತ್ತಿರವಾಗಿ ತೋರಿಸುವಂಥದು. 2017ರಲ್ಲಿ ಆ ಸಂಸ್ಥೆಯು ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯೊಡನೆ ಸಮಾಲೋಚಿಸಿ, ಯುದ್ಧದ ಕಾನೂನುಗಳ ಕುರಿತು ಒಂದು ಭಾಗವನ್ನು ಸೇರಿಸಿತು. ಅದರಲ್ಲಿ ಆಡುವವನು ಸಿಪಾಯಿಯಲ್ಲ. ಯುದ್ಧ ಮುಗಿದ ಮೇಲೆ ಪಾಳುಬಿದ್ದ ಹಳ್ಳಿಯಲ್ಲಿ ನೆಲಬಾಂಬು ಆಯುವವನು. ಒಂದೊಂದು ಮನೆ, ಒಂದೊಂದು ಬೀದಿಯ ಬಳಿಯೂ ಅಲ್ಲಿ ಯಾರಿದ್ದರು, ಏನಾಯಿತು, ಯಾರು ಮಾಡಿದರು ಎಂಬುದು ತೆರೆದುಕೊಳ್ಳುತ್ತದೆ. ಆ ವರ್ಷ ಅದರಿಂದ ಬಂದ ನಿವ್ವಳ ಹಣದಲ್ಲಿ ಅರ್ಧವನ್ನು ರೆಡ್ ಕ್ರಾಸಿಗೆ ಕೊಟ್ಟರು. ಅದರಿಂದ ಆಟದ ಸೊಗಸು ಕೆಡಲಿಲ್ಲ. ಮನಸ್ಸಿದ್ದರೆ ಮಾಡಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಅದೇ ಆಟದ ಇನ್ನೊಂದು ಮುಖವನ್ನೂ ಮರೆಯಕೂಡದು. ಅದರ ದೃಶ್ಯಗಳು ನಿಜದಂತೆಯೇ ಇರುವುದರಿಂದ, ಅವನ್ನು ಕತ್ತರಿಸಿ ನಿಜವಾದ ಯುದ್ಧದ ಸುದ್ದಿಯೆಂದು ಹರಡುವ ಕೆಟ್ಟ ಚಾಳಿ ಬೆಳೆದಿದೆ. 2022ರ ಕೊನೆಯಲ್ಲಿ ಆ ಸಂಸ್ಥೆಯೇ ಈ ಬಗ್ಗೆ ಜನರನ್ನು ಎಚ್ಚರಿಸಬೇಕಾಯಿತು. 2025ರ ಮೇ ತಿಂಗಳಲ್ಲಿ ಭಾರತ, ಪಾಕಿಸ್ತಾನಗಳ ನಡುವೆ ಘರ್ಷಣೆ ನಡೆದಾಗ ಇಂಥ ಆಟದ ತುಣುಕುಗಳು ಎರಡೂ ದೇಶಗಳ ಫೋನುಗಳಲ್ಲಿ ಓಡಾಡಿದವು. ಆಟವನ್ನು ಯುದ್ಧವೆಂದು ನಂಬಿ ಮನೆಯಲ್ಲಿ ಕುಳಿತು ಕೇಕೆ ಹಾಕುವುದು ಮಕ್ಕಳು ಮಾಡಿದ ಕೆಲಸವಲ್ಲ, ದೊಡ್ಡವರು ಮಾಡಿದ್ದು. ಹುಡುಗರನ್ನು ದೂರುವ ಮೊದಲು ಇದನ್ನು ನೆನೆಯಬೇಕು.

ಆಟಗಳಿಂದ ಸೇನೆಗೆ ಆಳು ಕೂಡಿಸಿದ ನಿದರ್ಶನವೂ ಇದೆ. ಅಮೆರಿಕದ ಸೇನೆಯು 2002ರ ಜುಲೈ 4ರಂದು ‘ಅಮೆರಿಕಾಸ್ ಆರ್ಮಿ’ ಎಂಬ ಆಟವನ್ನು ಸರ್ಕಾರದ ಖರ್ಚಿನಲ್ಲಿ ಮಾಡಿಸಿ ಪುಕ್ಕಟೆ ಹಂಚಿತು. ಉದ್ದೇಶವನ್ನು ಅವರು ಬಚ್ಚಿಡಲಿಲ್ಲ: ತರುಣರನ್ನು ಸೇನೆಯತ್ತ ಸೆಳೆಯುವುದು. ಇಪ್ಪತ್ತು ವರ್ಷ ನಡೆಸಿ 2022ರಲ್ಲಿ ಅದನ್ನು ನಿಲ್ಲಿಸಿದರು. ಅಷ್ಟರಲ್ಲಿ ಇರಾಕ್, ಆಫ್ಘಾನಿಸ್ತಾನಗಳ ಯುದ್ಧಗಳು ಆಗಿಹೋಗಿದ್ದವು. ಯುದ್ಧದಾಟವು ಬರಿಯ ಆಟವೇ ಎನ್ನುವವರು ಈ ಇಪ್ಪತ್ತು ವರ್ಷಗಳ ಚರಿತ್ರೆಗೆ ಉತ್ತರ ಹೇಳಬೇಕು.

ಹಾಗಾದರೆ ಮಾಡಬೇಕಾದುದೇನು? ನಿಷೇಧವೆಂದರೆ ಕೆಲಸ ಮುಗಿಯಿತೆಂಬ ಭ್ರಮೆ ಬೇಡ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಒಡ್ಡಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಅದು ಒಳ್ಳೆಯದೇ. ಆದರೆ ಅದೃಷ್ಟದ ಪೆಟ್ಟಿಗೆಯಲ್ಲಿ ಗೆದ್ದದ್ದು ಹಣವಾಗಿ ಕೈಗೆ ಬರುವುದಿಲ್ಲ. ಹೋದದ್ದು ಮಾತ್ರ ಹಣವೇ. ಬೆಲ್ಜಿಯಂ ದೇಶವು 2018ರಲ್ಲಿಯೇ ಇಂಥ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು. ನಮ್ಮ ಸರ್ಕಾರವೂ ಅದೇ ದಾರಿ ಹಿಡಿದು, ಹದಿನೆಂಟು ತುಂಬದವರಿಗೆ ಅದೃಷ್ಟದ ಪೆಟ್ಟಿಗೆ ಮಾರುವುದನ್ನು ಕಾನೂನಿನಿಂದ ತಡೆಯತಕ್ಕದ್ದು. ಬಯಸಿದ ವಸ್ತು ಎಷ್ಟು ಸಲಕ್ಕೊಮ್ಮೆ ಸಿಗುವುದೆಂಬುದನ್ನು ಕನ್ನಡದಲ್ಲಿ, ಎದ್ದು ಕಾಣುವಂತೆ ಬರೆಯಿಸತಕ್ಕದ್ದು. ಹುತಾತ್ಮರ ಹೆಸರಿನಲ್ಲಿ ಆಟ ಮಾರುವವರು ಯಾರೇ ಆಗಲಿ, ಕೊಟ್ಟ ಹಣದ ಲೆಕ್ಕವನ್ನು ವರ್ಷ ವರ್ಷವೂ ಸಾರ್ವಜನಿಕರ ಮುಂದೆ ಇಡಬೇಕೆಂಬುದೂ ನಿಯಮವಾಗಲಿ.

ಬೆಂಗಳೂರಿನಲ್ಲಿ ಆಟ ರಚಿಸುವ ಕನ್ನಡದ ತರುಣರಿಗೆ ನಮ್ಮದೊಂದು ಮಾತು. ನಿಮ್ಮ ಆಟದ ಊರಿನಲ್ಲಿ ಜನರನ್ನು ಇರಿಸಿರಿ. ಗುಂಡು ತಪ್ಪಿ ಮನೆಯೊಳಗೆ ಹೊಕ್ಕರೆ ಏನಾಗುವುದೆಂದು ತೋರಿಸಿರಿ. ಬಿದ್ದವನಿಗೆ ಹೆಸರು ಕೊಡಿರಿ. ಕೂಡಿ ನಡೆಯುವುದನ್ನು, ಬಿದ್ದವನನ್ನು ಎತ್ತುವುದನ್ನು ಈ ಆಟಗಳು ಬಲು ಚೆನ್ನಾಗಿ ಕಲಿಸುತ್ತವೆ. ಬಿದ್ದವನ ಮನೆಯ ಕಡೆಗೂ ಒಮ್ಮೆ ತಿರುಗಿ ನೋಡುವುದನ್ನು ನೀವು ಕಲಿಸಿದರೆ ಅದು ಕೊರಿಯಾದವರು ಮಾಡದ ಕೆಲಸವಾದೀತು.

ತಂದೆತಾಯಿಗಳಿಗೂ ಹೇಳಬೇಕಾದುದಿದೆ. ಫೋನು ಕಿತ್ತು ಎಸೆಯುವ ಮೊದಲು ಒಂದು ಸಂಜೆ ಮಗನ ಪಕ್ಕದಲ್ಲಿ ಕುಳಿತು ಅವನ ಆಟವನ್ನು ನೋಡಿರಿ. ಅವನಿಂದಲೇ ಕೇಳಿ ತಿಳಿಯಿರಿ. ಅಂಗಡಿಯ ಗಲ್ಲಾಪೆಟ್ಟಿಗೆಯ ಕೀಲಿಯನ್ನು ಮಕ್ಕಳಿಗೆ ಕೊಡದವರು ಫೋನಿನಲ್ಲಿ ಹಣ ಕಳಿಸುವ ಗುಪ್ತ ಸಂಖ್ಯೆಯನ್ನೂ ಕೊಡಬಾರದು. ಊಟ, ನಿದ್ದೆ, ಶಾಲೆ ಎಲ್ಲವನ್ನೂ ಆಟ ನುಂಗತೊಡಗಿದರೆ ಅದು ಹಟವಲ್ಲ, ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಹಾಗೆಂದು ಒಪ್ಪಿದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ 2014ರಿಂದಲೇ ಇದಕ್ಕೆಂದು ಪ್ರತ್ಯೇಕ ಚಿಕಿತ್ಸಾಲಯವಿದೆ. ಹೊಡೆತದಿಂದ ಗುಣವಾಗದ್ದು ಅಲ್ಲಿ ಗುಣವಾದೀತು.

ಮಕ್ಕಳು ಯುದ್ಧದಾಟ ಆಡುವುದು ಹೊಸದಲ್ಲ. ಬಿದಿರಿನ ಬಿಲ್ಲು ಹಿಡಿದ ಕಾಲದಿಂದಲೂ ಆಡಿದ್ದಾರೆ. ಹೊಸದೆಂದರೆ, ಆ ಆಟವನ್ನು ಸಮುದ್ರದಾಚೆಯ ವ್ಯಾಪಾರಿಯು ಮಾರುತ್ತಿರುವುದು ಮತ್ತು ಸಾವಿನ ಲೆಕ್ಕವನ್ನು ಬಿಟ್ಟು ಜೇಬಿನ ಲೆಕ್ಕವನ್ನು ಮಾತ್ರ ಇಟ್ಟುಕೊಂಡಿರುವುದು. ಎಂಟು ನೂರು ವರ್ಷಗಳ ಹಿಂದಿನ ಕಲ್ಲುಕುಟಿಗನಿಗೆ ತಿಳಿದಿದ್ದ ಸಂಗತಿಯನ್ನು ಈ ಕಾಲದ ಕಂಪನಿಗಳಿಗೆ ಕಾನೂನಿನ ಮೂಲಕ ತಿಳಿಸಬೇಕಾಗಿದೆ. ಒಬ್ಬ ಮನುಷ್ಯ ಬಿದ್ದನೆಂದರೆ ಒಂದು ಮನೆ ಬಿದ್ದಂತೆ. ಅದನ್ನು ಕಲಿಸದ ಯುದ್ಧದಾಟ ಎಷ್ಟೇ ಜಾಣತನದ್ದಾದರೂ ಅರ್ಧ ಪಾಠವೇ.